ಆಟಕ್ಕುಂಟು, ಲೆಕ್ಕಕ್ಕಿಲ್ಲ

ಟೀವಿ ಬಂದು ನಮ್ಮ ಸಂಸ್ಕೃತಿ ಹಾಳಾಯಿತು ಎಂಬ ಮಾತಿಗೆ ಶಾಲಾ ಭಾಷಣ ಸ್ಪರ್ಧೆಗಳಲ್ಲಿ ಇವತ್ತಿಗೂ ಬಹುಮಾನ ಸಿಗುತ್ತದೆ. ಅತ್ತೆ-ಸೊಸೆ ಜಗಳ, ನಾಗಿಣಿ, ಮಾಟಮಂತ್ರ, ಕಂಗ್ಲಿಷ್, ಮೈಮೇಲಿನ ಬಟ್ಟೆ: ಆಪಾದನೆಗಳ ಪಟ್ಟಿ ಎಲ್ಲರಿಗೂ ಬಾಯಿಪಾಠ. ಸಮಾಜ ವಿಜ್ಞಾನ ಕಲಿಸುವವರು ಇಷ್ಟಕ್ಕೇ ತೃಪ್ತರಾಗಬಾರದು. ಯಾಕೆಂದರೆ ಈ ದೂರು ಸಂಸ್ಕೃತಿಯನ್ನು ಬೀರುವಿನಲ್ಲಿಟ್ಟ ಮದುವೆ ಸೀರೆಯ ಹಾಗೆ ಕಾಣುತ್ತದೆ. ಕಲೆ ಬಿತ್ತೇ, ಮಾಸಿತೇ ಎಂಬುದಷ್ಟೇ ಅದರ ಚಿಂತೆ. ಪರದೆಯ ಮೇಲೆ ಯಾರ ಸಮಾಜ ಕಾಣುತ್ತದೆ, ಅದನ್ನು ಯಾರಿಗಾಗಿ ತೋರಿಸುತ್ತಾರೆ, ನೋಡಿದವರ ಅಭಿಪ್ರಾಯವನ್ನು ಯಾರು ಕೇಳುತ್ತಾರೆ ಎಂಬ ಪ್ರಶ್ನೆಗಳು ಆ ಚಿಂತೆಯಲ್ಲಿ ಕಳೆದುಹೋಗುತ್ತವೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಯೋಚಿಸಿದರೆ ನನ್ನ ತಕರಾರು ಬೇರೆ. ಈ ಸೀಮೆಯ ಜನರನ್ನು ಟೀವಿ ಬೇಕಾದಾಗ ನೋಟದ ಸರಕು ಮಾಡಿಕೊಂಡಿತು, ನೋಡುಗರೆಂದು ಬಹುಕಾಲ ಎಣಿಸಲೇ ಇಲ್ಲ. ಕೆಟ್ಟದ್ದು ಏನಾದರೂ ಆಗಿದ್ದರೆ ಅದು ಆಗಿದ್ದು ಇಲ್ಲಿ.

ಎಚ್.ಡಿ. ಕೋಟೆ ತಾಲ್ಲೂಕಿನ ಬಳ್ಳೆ ಹಾಡಿಯ ರಾಜೇಶ್ ಅವರ ಹೆಸರು ಓದುಗರಿಗೆ ನೆನಪಿರಬಹುದು. 2010ರ ಆಸುಪಾಸಿನಲ್ಲಿ ಸುವರ್ಣ ವಾಹಿನಿಯಲ್ಲಿ ಒಂದೇ ಅಚ್ಚಿನ ರಿಯಾಲಿಟಿ ಷೋಗಳು ಬಂದವು. ‘ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು’ ನಗರದ ಹುಡುಗಿಯರನ್ನು ಹಳ್ಳಿಗೆ ಕರೆತಂದರೆ, ‘ಹಳ್ಳಿ ಹೈದ ಪ್ಯಾಟೆಗ್ ಬಂದ’ ಹಳ್ಳಿ-ಹಾಡಿಗಳ ಹುಡುಗರನ್ನು ಪೇಟೆಗೆ ಒಯ್ದಿತು. ಎರಡನೆಯದರಲ್ಲಿ ಗೆದ್ದವರು ರಾಜೇಶ್. ಬಳಿಕ ‘ಜಂಗಲ್ ಜಾಕಿ’ ಎಂಬ ಚಿತ್ರಕ್ಕೆ ನಾಯಕರೂ ಆದರು. 2013ರ ನವೆಂಬರ್‌ನಲ್ಲಿ ಮೈಸೂರಿನ ಮನೆಯ ಮಹಡಿಯಿಂದ ಬಿದ್ದು ತೀರಿಕೊಂಡರು. ಆ ಸಾವಿಗೆ ಟೀವಿಯೇ ಕಾರಣ ಎಂದು ತೀರ್ಪು ಕೊಡುವುದು ಅನ್ಯಾಯ. ಒಬ್ಬ ಮನುಷ್ಯನ ಒಳಗಿನ ಸಂಕಟ ಹೊರಗೆ ಕೂತವರಿಗೆ ತಿಳಿಯುವುದಿಲ್ಲ. ಆದರೆ ಆ ಆಟದ ನಿಯಮ ಏನಿತ್ತು ಎಂದು ಕೇಳಬಹುದು. ನಗರದ ಹುಡುಗಿಗೆ ಹಾಲು ಕರೆಯಲು ಬರದಿದ್ದರೆ ಅದು ಮುದ್ದು. ಹಾಡಿಯ ಹುಡುಗನಿಗೆ ಪೇಟೆಯ ರೀತಿ ತಿಳಿಯದಿದ್ದರೆ ಅದು ತಮಾಷೆ. ಅವಳಿಗೆ ಹಳ್ಳಿ ಕೆಲವು ವಾರಗಳ ಸಾಹಸ, ಮುಗಿದ ಮೇಲೆ ತನ್ನ ಲೋಕಕ್ಕೆ ವಾಪಸು. ಅವನಿಗೆ ಪೇಟೆಯೇ ಪರೀಕ್ಷೆ. ಅವನು ಎಷ್ಟು ಬದಲಾದ ಎಂಬುದೇ ಅಂಕ. ಜೇನು ಎಲ್ಲಿ ಕಟ್ಟುತ್ತದೆ, ಆನೆ ಯಾವ ಹೊತ್ತಿಗೆ ಯಾವ ದಾರಿ ಹಿಡಿಯುತ್ತದೆ ಎಂಬ ಕಾಡಿನ ಮಕ್ಕಳ ತಿಳಿವಳಿಕೆಗೆ ಆ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯೇ ಇರಲಿಲ್ಲ. ‘ಹಾಗಾದರೆ ಅವನನ್ನು ಕಾಡಿನಲ್ಲೇ ಬಿಡಬೇಕಿತ್ತೆ? ಅವಕಾಶ ಕೊಟ್ಟಿದ್ದೇ ತಪ್ಪೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಹಾಡಿಯ ಯುವಕ ನಟನಾಗಬೇಕು, ನಿರೂಪಕನೂ ನಿರ್ಮಾಪಕನೂ ಆಗಬೇಕು. ಆದರೆ ನಗೆಗೆ ವಸ್ತುವಾಗಿ ಒಳಗೆ ಬಾ ಎನ್ನುವುದಕ್ಕೂ ಕೆಲಸ ಕಲಿತು ಒಳಗೆ ಬಾ ಎನ್ನುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಷೋ ಮುಗಿದ ಮರುದಿನದ ಹೊಣೆ ಯಾರದೂ ಅಲ್ಲ.

ಇದು ಯಾವುದೋ ಒಂದು ವಾಹಿನಿಯ ಒರಟುತನ ಎಂದು ತಳ್ಳಿಹಾಕುವಂತಿಲ್ಲ, ಕಾರಣ ಲೆಕ್ಕದ ಪುಸ್ತಕದಲ್ಲಿದೆ. ಟೀವಿಯ ಬೆಲೆ ನಿಂತಿರುವುದು ರೇಟಿಂಗ್ ಮೇಲೆ. ಆರಿಸಿದ ಮನೆಗಳಲ್ಲಿ ಮೀಟರ್ ಕೂರಿಸಿ, ಯಾರು ಏನು ನೋಡಿದರೆಂದು ದಾಖಲಿಸಿ, ಅದರ ಆಧಾರದ ಮೇಲೆ ಜಾಹೀರಾತಿನ ದರ ಕಟ್ಟುತ್ತಾರೆ. ರೇಟಿಂಗ್ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆ 2015ರ ಅಕ್ಟೋಬರ್‌ನಲ್ಲಿ ಗ್ರಾಮೀಣ ಭಾರತವನ್ನು ಸೇರಿಸಿಕೊಳ್ಳುವವರೆಗೆ ಈ ಮೀಟರ್‌ಗಳು ಪಟ್ಟಣಗಳ ಆಚೆ ಹೋಗಿರಲಿಲ್ಲ. ಅಂದರೆ 1994ರಲ್ಲಿ ಉದಯ ಟೀವಿಯಿಂದ ಶುರುವಾದ ಕನ್ನಡದ ಖಾಸಗಿ ಉಪಗ್ರಹ ವಾಹಿನಿಗಳ ಮೊದಲ 20 ವರ್ಷ, ಹಳ್ಳಿಯ ಮನೆಯಲ್ಲಿ ರಾತ್ರಿ ಹತ್ತರವರೆಗೆ ಧಾರಾವಾಹಿ ನೋಡಿದವರು ವ್ಯಾಪಾರದ ದೃಷ್ಟಿಯಲ್ಲಿ ಇರಲೇ ಇಲ್ಲ. ಬಳ್ಳೆಯ ಹುಡುಗನನ್ನು ಪರದೆಗೆ ತಂದ ಹೊತ್ತಿನಲ್ಲಿ ಬಳ್ಳೆಯ ಸುತ್ತಲಿನ ನೂರಾರು ಹಳ್ಳಿಗಳ ಒಬ್ಬ ನೋಡುಗನೂ ಎಣಿಕೆಯಲ್ಲಿರಲಿಲ್ಲ. ಮಕ್ಕಳು ಆಟದಲ್ಲಿ ಚಿಕ್ಕವರನ್ನು ಸೇರಿಸಿಕೊಳ್ಳುವಾಗ ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುತ್ತಾರಲ್ಲ, ನಾಲ್ಕು ತಾಲ್ಲೂಕುಗಳಿಗೂ ಸಿಕ್ಕಿದ್ದು ಅದೇ ಜಾಗ.

ಇದಕ್ಕೂ ಬಹಳ ಹಿಂದೆ ಬೇರೆ ಪ್ರಯತ್ನವೊಂದು ನಡೆದಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೊ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ತಲುಪಿಸಿತು. ಸೈಟ್ ಎಂಬ ಆ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ಮೊದಲು ಟೀವಿ ಕಂಡವರು ಆ ಜಿಲ್ಲೆಗಳ ಹಳ್ಳಿಗರು. ಸೈಟ್‌ನಲ್ಲಿ ಉಪದೇಶ ಜಾಸ್ತಿ ಇತ್ತು, ಹಳ್ಳಿಗನಿಗೆ ಏನು ಬೇಕೆಂದು ಮೇಲಿನವರೇ ನಿರ್ಧರಿಸುತ್ತಿದ್ದರು, ಒಪ್ಪೋಣ. ಆದರೂ ಸಮಾಜ ವಿಜ್ಞಾನಿಗಳು ಹಳ್ಳಿಗಳಲ್ಲಿ ಉಳಿದು ಜನ ಏನು ನೋಡಿದರು, ಏನು ಅರ್ಥವಾಯಿತು, ಯಾವುದಕ್ಕೆ ಎದ್ದು ಹೋದರು ಎಂದು ವಿಚಾರಿಸಿದರು. ನೋಡುಗನನ್ನು ಮನುಷ್ಯನೆಂದು ಪರಿಗಣಿಸಿ ಕೇಳಿದ ಪ್ರಶ್ನೆಗಳು ಅವು. ಮುಂದಿನ ಮಾರುಕಟ್ಟೆಯ ಯುಗಕ್ಕೆ ಆ ತಾಳ್ಮೆ ಇರಲಿಲ್ಲ.

2015ರ ನಂತರ ಹಳ್ಳಿಯೂ ಎಣಿಕೆಗೆ ಬಂತಲ್ಲ, ಈಗೇನು ದೂರು ಎಂಬ ಆಕ್ಷೇಪಕ್ಕೆ ಉತ್ತರ ಕೊಡಬೇಕು. ಮೀಟರ್ ಇರುವ ಮನೆಗಳು ಇಡೀ ದೇಶಕ್ಕೆ 50 ಸಾವಿರ ಚಿಲ್ಲರೆ. ಮಾದರಿ ಸಮೀಕ್ಷೆಗೆ ಅಷ್ಟು ಸಾಕೆಂದು ಸಂಖ್ಯಾಶಾಸ್ತ್ರ ಹೇಳೀತು, ಅದರ ಬಗ್ಗೆ ಜಗಳವಿಲ್ಲ. ಆದರೆ ಮೀಟರ್ ದಾಖಲಿಸುವುದು ಇದ್ದದ್ದರಲ್ಲಿ ಯಾವುದನ್ನು ನೋಡಿದರು ಎಂಬುದನ್ನು ಮಾತ್ರ. ಇಲ್ಲದ್ದನ್ನು ಬಯಸಿದ್ದರೆ ಅದಕ್ಕೆ ಗುಂಡಿಯಿಲ್ಲ. ‘ಜನ ಕೇಳಿದ್ದನ್ನೇ ಕೊಡುತ್ತೇವೆ’ ಎಂಬ ವಾಹಿನಿಗಳ ಸಮಾಧಾನ ಇಲ್ಲಿ ಮುಗ್ಗರಿಸುತ್ತದೆ. ಎರಡೇ ತಿಂಡಿ ಇರುವ ಹೋಟೆಲಿನಲ್ಲಿ ಗಿರಾಕಿ ಇಡ್ಲಿ ತಿಂದನೆಂದರೆ ಅವನ ಮನೆಯ ರಾಗಿಮುದ್ದೆಗೆ ಬೇಡಿಕೆಯಿಲ್ಲ ಎಂದು ಬರೆದುಕೊಂಡಂತಾಯಿತು. ಇನ್ನು ಗಂಭೀರವಾದದ್ದನ್ನು ಯಾರೂ ನೋಡುವುದಿಲ್ಲ ಎಂಬುದು ದಾಖಲೆಗೆ ವಿರುದ್ಧವಾದ ಮಾತು. ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’, ‘ಮುಕ್ತ’ ಧಾರಾವಾಹಿಗಳು ಮನೆಮಾತಾದವು. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ಕಾರ್ಯಕ್ರಮಕ್ಕೆ ಪುಸ್ತಕವೇ ಬಹುಮಾನ, ಅದು ಎರಡು ದಶಕ ದಾಟಿದೆ.

ಹಾಗಾದರೆ ಈ ಸೀಮೆಗೆ ಸಂಬಂಧಿಸಿ ಪರದೆಯಲ್ಲಿ ಇಲ್ಲದ್ದು ಯಾವುದು? ಹೊಗೆಸೊಪ್ಪಿನಿಂದ ಶುರುಮಾಡೋಣ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹೊಲಗಳ ನಡುವೆ ಎತ್ತರಕ್ಕೆ ನಿಂತ, ಸೊಪ್ಪು ಒಣಗಿಸುವ ಬ್ಯಾರನ್‌ಗಳನ್ನು ಬಸ್ಸಿನಲ್ಲಿ ಹೋಗುವವರೂ ಕಂಡಿರುತ್ತಾರೆ. ಗಿಡದ ಬುಡದಿಂದ ಎರಡು ಮೂರು ಎಲೆಯಂತೆ ಮುರಿದು ತಂದ ಸೊಪ್ಪನ್ನು ಹೆಂಗಸರು ಕಡ್ಡಿಗೆ ಕಟ್ಟುತ್ತಾರೆ. ಕಡ್ಡಿಗಳನ್ನು ಬ್ಯಾರನ್ನಿನೊಳಗೆ ಅಟ್ಟಗಳಲ್ಲಿ ತೂಗುಬಿಟ್ಟು, ಕೆಳಗೆ ಒಲೆಗೆ ಸೌದೆ ತಳ್ಳಿ, ಐದಾರು ದಿನ ಹಗಲು ರಾತ್ರಿ ಕಾವು ಕಾಯಬೇಕು. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಒಣಗಬೇಕು, ಕೊನೆಗೆ ನರ ಒಣಗಬೇಕು. ಕಾವು ಏರಿಸುವುದರಲ್ಲಿ ಅವಸರ ಮಾಡಿದರೆ ಬಣ್ಣ ಕೆಟ್ಟು ಗ್ರೇಡ್ ಬಿತ್ತು. ಒಣ ಎಲೆಯೊಂದು ಕಾದ ಕೊಳವೆಯ ಮೇಲೆ ಉದುರಿದರೆ ಬ್ಯಾರನ್ನೇ ಹೋಯಿತು. ಮುಂದೆ ಗ್ರೇಡ್ ಬಿಡಿಸಿ ಬೇಲ್ ಕಟ್ಟಿ ಕಟ್ಟೆಮಳಲವಾಡಿಯಲ್ಲೋ ಚಿಲ್ಕುಂದದಲ್ಲೋ ಕಂಪಲಾಪುರದಲ್ಲೋ ಇರುವ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಒಯ್ದರೆ, ವರ್ಷದ ಬದುಕಿನ ಬೆಲೆ ಕೆಲವೇ ಕ್ಷಣದಲ್ಲಿ ನಿಗದಿ. ಸಾಲ, ಸೌದೆ, ಕಾಡು, ಕೂಲಿ, ರಫ್ತು, ಆರೋಗ್ಯ, ಸರ್ಕಾರದ ಲೈಸೆನ್ಸು, ಎಲ್ಲವೂ ಒಂದೇ ಬ್ಯಾರನ್ನಿನಲ್ಲಿವೆ. ಹತ್ತನೇ ತರಗತಿಯ ಅರ್ಥಶಾಸ್ತ್ರ, ಭೂಗೋಳ, ಸಮಾಜಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಆದರೆ ಹುಣಸೂರಿನ ಬೆಳೆಗಾರ ದಿನವೂ ಪರದೆಯ ಮೇಲೆ ತನ್ನ ಬೆಳೆಯ ಹೆಸರು ಕಾಣುವುದು ಸಿನಿಮಾದಲ್ಲಿ ಯಾರೋ ಸಿಗರೇಟು ಹಚ್ಚಿದಾಗ ಕೆಳಗೆ ಹಾಯುವ ಎಚ್ಚರಿಕೆಯ ಸಾಲಿನಲ್ಲಿ. ಎಚ್ಚರಿಕೆ ಸರಿಯಾದದ್ದೇ. ಆದರೆ ತಂಬಾಕು ಬಿಟ್ಟು ಅವನು ಏನು ಬೆಳೆಯಬೇಕು ಎಂಬ ಚರ್ಚೆಗೆ ಒಂದು ರಾತ್ರಿಯ ಪ್ರೈಮ್ ಟೈಮ್ ಸಿಕ್ಕೀತೆ?

ಕ್ಯಾಮೆರಾ ಈ ಕಡೆ ಬರುವುದೇ ಇಲ್ಲ ಎಂದಲ್ಲ. ದಸರಾಕ್ಕೆ ಮುನ್ನ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಗೆ ಪ್ರತಿವರ್ಷ ಬರುತ್ತದೆ. ದಸರಾ ಆನೆಗಳು ಹೊರಡುವ ಗಜಪಯಣದ ನೇರಪ್ರಸಾರ, ಪುಷ್ಪಾರ್ಚನೆ, ಮಂತ್ರಿಗಳ ಭಾಷಣ, ಹಾಡಿಯವರ ಕುಣಿತದ ಎರಡು ನಿಮಿಷ. ನಾಗರಹೊಳೆಯೊಳಗಿಂದ ಎಬ್ಬಿಸಿ ತಂದ ಗಿರಿಜನ ಕುಟುಂಬಗಳ ನಾಗಾಪುರ ಪುನರ್ವಸತಿ ಕೇಂದ್ರ ಅಲ್ಲಿಂದ ದೂರವೇನಿಲ್ಲ. ಪುನರ್ವಸತಿಯ ಜಮೀನು ಏನಾಯಿತು, 2006ರ ಅರಣ್ಯ ಹಕ್ಕು ಕಾಯ್ದೆ ಯಾರಿಗೆ ದಕ್ಕಿತು ಎಂದು ಕೇಳಲು ಅದೇ ಒಬಿ ವ್ಯಾನು ಆ ಕಡೆ ತಿರುಗುವುದು ಅಪರೂಪ. ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಆನೆ ಅರ್ಜುನ 2023ರ ಡಿಸೆಂಬರ್‌ನಲ್ಲಿ ಯಸಳೂರಿನ ಕಾಡಿನಲ್ಲಿ ಸತ್ತಾಗ ಅವನ ಶಿಬಿರವಿದ್ದ ಬಳ್ಳೆ ಮತ್ತೆ ಸುದ್ದಿಯಾಯಿತು. ಆ ದುಃಖ ನಿಜ. ಆದರೆ ಬಳ್ಳೆ ಎಂಬ ಊರು ನಾಡಿಗೆ ಪರಿಚಯವಾದದ್ದು ಒಬ್ಬ ಷೋ ವಿಜೇತನಿಂದ, ಒಂದು ಆನೆಯಿಂದ. ಅಲ್ಲಿ ಬದುಕುತ್ತಿರುವವರಿಂದ ಆಗಲಿಲ್ಲ.

ಇಷ್ಟು ಕಂಡ ಮೇಲೆ ಸಂಸ್ಕೃತಿ ರಕ್ಷಣೆಯ ಹಳೆಯ ವಾದಕ್ಕೆ ಬರಬಹುದು. ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್ ತಡೆದದ್ದು ಸಂಸ್ಕೃತಿ ಮತ್ತು ಕಲಾವಿದರ ಅನ್ನದ ಹೆಸರಿನಲ್ಲಿ. ಸ್ಪರ್ಧಾ ಆಯೋಗ 2015ರಲ್ಲಿ ಆ ತಡೆ ಸರಿಯಲ್ಲ ಎಂದಿತು. 2020ರ ಲಾಕ್‌ಡೌನಿನಲ್ಲಿ ‘ಮಹಾಭಾರತ’ ಕನ್ನಡದ ಮಾತಿನಲ್ಲಿ ಬಂತು, ಮನೆಮಂದಿಯೆಲ್ಲ ಕೂತು ನೋಡಿದರು, ಆಕಾಶವೇನೂ ಕಳಚಿ ಬೀಳಲಿಲ್ಲ. ಅನ್ನದ ಪ್ರಶ್ನೆ ಬೇರೆ, ಅದಕ್ಕೆ ಗೌರವವಿರಲಿ. ಆದರೆ ಹೊರಗಿನದು ಒಳಗೆ ಬಂದರೆ ಸಂಸ್ಕೃತಿ ಕೆಡುತ್ತದೆಂಬ ಭಯಕ್ಕೆ ಆಧಾರ ಸಾಲದು. 1961ರಿಂದ ಬೈಲಕುಪ್ಪೆಯಲ್ಲಿ ಟಿಬೆಟನ್ನರನ್ನು ನೆರೆಯವರಾಗಿ ಪಡೆದ ಪಿರಿಯಾಪಟ್ಟಣಕ್ಕೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಟೀವಿಯ ಮೇಲೆ ಮೊದಲ ಗಂಭೀರ ಪುಸ್ತಕಗಳಲ್ಲೊಂದನ್ನು 1974ರಲ್ಲಿ ಬರೆದ ರೇಮಂಡ್ ವಿಲಿಯಮ್ಸ್ ವೇಲ್ಸ್ ಗಡಿಯ ಹಳ್ಳಿಯವರು, ರೈಲ್ವೆ ಸಿಗ್ನಲ್‌ಮನ್ನನ ಮಗ. ಸಂಸ್ಕೃತಿ ಸಾಮಾನ್ಯರ ದಿನನಿತ್ಯದ ಬಾಳಿನಲ್ಲೇ ಇದೆ ಎಂಬುದು ಅವರ ಜೀವಮಾನದ ವಾದ. ಹಾಗೆ ನೋಡಿದರೆ ಚುಂಚನಕಟ್ಟೆಯ ದನಗಳ ಜಾತ್ರೆ ಎಷ್ಟು ಸಂಸ್ಕೃತಿಯೋ ಸೊಪ್ಪು ಕಟ್ಟುವ ಹೆಂಗಸರ ಮಾತೂ ಅಷ್ಟೇ ಸಂಸ್ಕೃತಿ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಟೀವಿಯ ಕಾಲ ಮುಗಿಯಿತು ಎನ್ನುವವರಿಗೆ ಒಂದು ನೆನಪು. 2020ರ ಜುಲೈಯಲ್ಲಿ ಶಾಲೆ ಮುಚ್ಚಿದ್ದಾಗ ಸರ್ಕಾರ ಹಿಡಿದ ದಾರಿ ಚಂದನ ವಾಹಿನಿಯೇ. ಸೇತುಬಂಧ, ಸಂವೇದ ಪಾಠಗಳು ಅಲ್ಲಿಂದಲೇ ಬಂದವು. ಮೊಬೈಲ್ ಇಲ್ಲದ ಮನೆಗೂ ತಲುಪಬಲ್ಲದ್ದು ಅದೇ ಎಂಬ ನಂಬಿಕೆ ಅದರ ಹಿಂದಿತ್ತು. ಸರಗೂರಿನ ಜನಧ್ವನಿ ಸಮುದಾಯ ಬಾನುಲಿ ಸ್ಥಳೀಯರ ದನಿಯನ್ನೇ ಬಿತ್ತರಿಸಬಹುದೆಂದು ತೋರಿಸಿದೆ. ಖಾಸಗಿ ವಾಹಿನಿಗಳನ್ನು ಬೈದು ಫಲವಿಲ್ಲ, ಅವುಗಳ ಲೆಕ್ಕ ಬೇರೆ. ಚಂದನದ ಮೇಲೆ ನಮಗೆ ಹಕ್ಕಿದೆ. ಗ್ರಾಮೀಣರು, ದುರ್ಬಲ ವರ್ಗಗಳು, ಬುಡಕಟ್ಟು ಸಮುದಾಯಗಳು, ಬೇರೆ ಬೇರೆ ಪ್ರದೇಶಗಳ ಸಂಸ್ಕೃತಿ, ಇವೆಲ್ಲ 1990ರ ಪ್ರಸಾರ ಭಾರತಿ ಕಾಯ್ದೆ ಹೊರಿಸಿದ ಕರ್ತವ್ಯಗಳಲ್ಲಿ ಸೇರಿವೆ. ತಾಲ್ಲೂಕಿಗೆ ತಿಂಗಳಿಗೊಂದು ಅರ್ಧ ಗಂಟೆ, ಅಲ್ಲಿಯವರೇ ವಿಷಯ ಆರಿಸಿ ಅಲ್ಲಿಯವರೇ ಮಾತಾಡುವ ಕಾರ್ಯಕ್ರಮ ಬೇಕೆಂದು ನಾಲ್ಕು ತಾಲ್ಲೂಕುಗಳ ಸಮಾಜ ವಿಜ್ಞಾನ ಶಿಕ್ಷಕರು ಬೆಂಗಳೂರು ದೂರದರ್ಶನ ಕೇಂದ್ರಕ್ಕೆ ಒಟ್ಟಾಗಿ ಬರೆಯಲಿ. ಪತ್ರದ ಕರಡನ್ನು ಹತ್ತನೇ ತರಗತಿಯ ಮಕ್ಕಳಿಂದ ಬರೆಸಿದರೆ ಇನ್ನೂ ಒಳ್ಳೆಯದು.