ಗಾಲಿಯ ಮೇಲಣ ಸಂಸಾರ

ಅಡಿಗೆಮನೆ, ಹಾಸಿಗೆಗಳುಳ್ಳ ಮೋಟಾರು ವಾಹನದಲ್ಲಿಯೇ ವಾಸಿಸುತ್ತ ಊರೂರು ಸುತ್ತುವ ಕುಟುಂಬಗಳು ಬ್ರಿಟನ್ನಿನಲ್ಲಿ ಅನೇಕ. ಅಂಥ ಮನೆಯನ್ನು ಅನುಕೂಲಗೊಳಿಸಲು ಬಡಗಿಯೇ ಬೇಕೆಂದಿಲ್ಲ. ಬಟ್ಟಲುಗಳು ಜಾರದಂತೆ ಗೂಡುಗಳಲ್ಲಿ ರಬ್ಬರಿನ ಹಾಸು, ಪುಸ್ತಕಗಳು ಉರುಳದಂತೆ ಅಡ್ಡಲಾಗಿ ಎಲಾಸ್ಟಿಕ್ ಹುರಿ, ಭಾರದ ಡಬ್ಬಿಗಳಿಗೆ ಕೆಳಗಿನ ಅರೆಯಲ್ಲಿ ಸ್ಥಾನ. ಇಷ್ಟರಿಂದಲೇ ಪ್ರಯಾಣ ಸುಗಮವಾಗುತ್ತದೆ. ಚಳಿಗಾಲದಲ್ಲಿ ಕಿಟಕಿಗಳಿಗೆ ದಪ್ಪ ಪರದೆ ಹೊಲಿದು ತೂಗಬಿಟ್ಟರೆ ಒಳಗಿನ ಬಿಸುಪು ಉಳಿಯುತ್ತದೆ.

ಆದರೆ ಚಳಿಗೆ ಅಂಜಿ ನೆಲದಲ್ಲಿರುವ ಗಾಳಿಗಂಡಿಯನ್ನು ಮಾತ್ರ ಮುಚ್ಚಬಾರದು. ಅಡಿಗೆಯ ಅನಿಲ ಗಾಳಿಗಿಂತ 1.5ರಿಂದ 2 ಪಟ್ಟು ಭಾರ. ಸೋರಿದರೆ ಕೆಳಗಿಳಿದು ಆ ಗಂಡಿಯಿಂದಲೇ ಹೊರಹೋಗಬೇಕು. ದಾರಿ ಕಟ್ಟಿದರೆ ನೆಲದ ಮೇಲೆ ಶೇಖರವಾಗಿ ಒಂದು ಕಿಡಿಗೆ ಕಾದಿರುತ್ತದೆ. ಒಲೆಗೆ ಗಾಳಿ ಸಾಲದಾದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೋ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ. ಅದನ್ನು ಗುರುತಿಸಿ ಕೂಗುವ ಎಚ್ಚರಿಕೆಯ ಗಂಟೆಯೇ ಈ ಮನೆಯ ಮೊದಲ ಸುಧಾರಣೆ. ಪರದೆಯ ಚೆಲುವು ಅನಂತರದ ಮಾತು.