ಶತ್ರು ಯಾರು? ವೈಜ್ಞಾನಿಕ ಕಾದಂಬರಿಯೊಂದರ ಪ್ರಶ್ನೆ

ಅಂತರಿಕ್ಷಯುದ್ಧದ ಕಥೆಗಳೆಂದರೆ ನಮ್ಮ ವಿದ್ಯಾರ್ಥಿಗಳಿಗೆ ಬಲು ಪ್ರೀತಿ. ಆದರೆ ಅವುಗಳಲ್ಲಿ ಹೆಚ್ಚಿನವು ರಾಕ್ಷಸಸಂಹಾರದ ಕಥೆಗಳೇ. ಬಾಣದ ಬದಲು ಕಿರಣಗಳು ಹಾರುವುವು, ಅಷ್ಟೆ. ನ್ಯಾಯವೆಲ್ಲ ಒಂದು ಪಕ್ಷದಲ್ಲಿ, ಅನ್ಯಾಯವೆಲ್ಲ ಇನ್ನೊಂದರಲ್ಲಿ. ಇಂಥವುಗಳಿಂದ ವಿಜ್ಞಾನವನ್ನು ತೆಗೆದುಹಾಕಿದರೂ ಕಥೆಗೆ ಕುಂದು ಬಾರದು.

ಅಮೆರಿಕದ ಜೋ ಹಾಲ್ಡಮನ್ನರ 'ದಿ ಫಾರೆವರ್ ವಾರ್' (1974) ಹಾಗಲ್ಲ. ಲೇಖಕರು ಭೌತವಿಜ್ಞಾನ, ಖಗೋಳವಿಜ್ಞಾನಗಳನ್ನು ಓದಿದವರು. ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡವರು. ಇಲ್ಲಿ ಯುದ್ಧ ನಡೆಯುವುದು ಮನುಷ್ಯರಿಗೂ ಟೌರನ್ನರೆಂಬ ಅನ್ಯಲೋಕದ ಜೀವಿಗಳಿಗೂ. ಕಥಾನಾಯಕ ಮ್ಯಾಂಡೆಲ್ಲಾ ಕಡ್ಡಾಯ ಸೈನ್ಯಭರ್ತಿಗೆ ಸಿಕ್ಕಿದ ಯುವಕ.

ಐನ್‌ಸ್ಟೈನರು 1905ರಲ್ಲಿ ಮಂಡಿಸಿದ ಸಾಪೇಕ್ಷತಾ ಸಿದ್ಧಾಂತದಂತೆ, ಬೆಳಕಿನ ವೇಗದ ನೂರರಲ್ಲಿ 99 ಪಾಲು ವೇಗದಿಂದ ಸಾಗುವ ನೌಕೆಯಲ್ಲಿ ಒಂದು ವರ್ಷ ಕಳೆದರೆ ಭೂಮಿಯಲ್ಲಿ ಏಳು ವರ್ಷಗಳಿಗೂ ತುಸು ಹೆಚ್ಚು ಕಾಲ ಸಂದಿರುತ್ತದೆ. ಇದು ಕವಿಕಲ್ಪನೆಯಲ್ಲ. 1971ರಲ್ಲಿ ಹೇಫೆಲ್ ಮತ್ತು ಕೀಟಿಂಗ್ ಎಂಬವರು ಪರಮಾಣು ಗಡಿಯಾರಗಳನ್ನು ವಿಮಾನಗಳಲ್ಲಿ ಭೂಪ್ರದಕ್ಷಿಣೆ ಮಾಡಿಸಿ, ಅತ್ಯಲ್ಪವಾದರೂ ಇಂಥ ವ್ಯತ್ಯಾಸ ಉಂಟೆಂದು ಅಳೆದು ತೋರಿಸಿದರು. ಬ್ರಹ್ಮಲೋಕಕ್ಕೆ ಹೋದ ಕಕುದ್ಮಿ ರಾಜ ಮರಳುವಷ್ಟರಲ್ಲಿ ಭೂಲೋಕದಲ್ಲಿ ಯುಗಗಳೇ ಉರುಳಿದ್ದ ಪುರಾಣಕಥೆ ಇಲ್ಲಿ ನೆನಪಾಗದಿರದು. ಮ್ಯಾಂಡೆಲ್ಲಾನ ಗತಿಯೂ ಅದೇ. ಅವನ ಆಯುಷ್ಯದ ಕೆಲವೇ ವರ್ಷಗಳಲ್ಲಿ ಯುದ್ಧಕ್ಕೆ 1143 ವರ್ಷಗಳಾಗುತ್ತವೆ. ಯಾವ ಜನರ ರಕ್ಷಣೆಗೆಂದು ಹೊರಟನೋ ಆ ಜನರಿಲ್ಲ, ಅವರ ನಡೆನುಡಿಗಳಿಲ್ಲ. ಕೈಕೆಳಗಿನ ಸೈನಿಕರಿಗೇ ಅವನು ಪರಕೀಯ. ಹೀಗಿರುವಾಗ 'ನಮ್ಮ ಪಕ್ಷ' ಎಂಬ ಮಾತಿಗೆ ಅರ್ಥವೇನು? ಈ ಪ್ರಶ್ನೆಯನ್ನು ಹುಟ್ಟಿಸಿದುದು ಭೌತವಿಜ್ಞಾನವೇ. ಈ ಕೃತಿಯನ್ನು ನಾನು ಮೆಚ್ಚುವುದು ಅದಕ್ಕಾಗಿ.

ಮೊದಲ ದಾಳಿಯಲ್ಲಿ, ಸಂಮೋಹನದಿಂದ ದ್ವೇಷ ತುಂಬಿಸಿಕೊಂಡ ಮಾನವಸೈನಿಕರು, ಸರಿಯಾಗಿ ಎದುರಿಸಲೂ ಅರಿಯದ ಟೌರನ್ನರನ್ನು ಕೊಚ್ಚಿಹಾಕುವರು. ಯುದ್ಧ ಮೊದಲಾದುದೇ ಸುಳ್ಳು ಕಾರಣದಿಂದ, ಮುಂದುವರಿದುದು ಪರಸ್ಪರ ಮಾತು ತಿಳಿಯದುದರಿಂದ ಎಂಬುದು ಕೊನೆಯಲ್ಲಿ ಹೊರಬೀಳುತ್ತದೆ. ಹಾಗಾದರೆ ಯಾರೂ ತಪ್ಪಿತಸ್ಥರಲ್ಲವೆ? ಹಾಗೆ ಹೇಳುವವರೂ ಉಂಟು, ನಾನು ಒಪ್ಪಲಾರೆ. ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯಿಂದ ನಿಯಮ ಬರೆದುಬಿಡುವ ವಿದ್ಯಾರ್ಥಿಯ ಉತ್ತರವನ್ನು ನಾವು ಹೊಡೆದುಹಾಕುತ್ತೇವೆ. ಸಾಕ್ಷ್ಯವನ್ನು ಪರೀಕ್ಷಿಸದೆ ಸೈನ್ಯವನ್ನು ಕಳುಹಿದವರಿಗೆ ಅಷ್ಟು ಶಿಕ್ಷೆಯೂ ಬೇಡವೆ? ಕೊಂದವನಿಗಿಂತ ಕೊಲ್ಲಿಸಿದವನ ಹೊಣೆ ಇಲ್ಲಿ ದೊಡ್ಡದು.

ಕಾದಂಬರಿಯ ಮುಕ್ತಾಯ ಮಾತ್ರ ನನಗೆ ಸಮ್ಮತವಾಗಿಲ್ಲ. ಟೌರನ್ನರಲ್ಲಿ ವ್ಯಕ್ತಿಭೇದವಿಲ್ಲ, ಮನುಷ್ಯಕುಲವೂ ಪಡಿಯಚ್ಚಿನ ಪ್ರತಿರೂಪಗಳಾಗಿ ಮಾರ್ಪಟ್ಟ ಮೇಲೆಯೇ ಅವರೊಡನೆ ಮಾತು ಸಾಧ್ಯವಾಗುತ್ತದೆ. ಶಾಂತಿಗೆ ಅಷ್ಟು ಬೆಲೆ ತೆರಬೇಕಿತ್ತೆ ಎಂಬುದನ್ನು ಹಾಲ್ಡಮನ್ನರು ಇನ್ನಷ್ಟು ಚರ್ಚಿಸಬಹುದಿತ್ತು.