ಆ್ಯಪ್ ಅಳಿಸಿದರೆ ಚಂದಾ ನಿಂತೀತೇ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಮನೆಗಳಲ್ಲಿ ತೆಂಗಿನಕಾಯಿ ಸುಮಾರು ಹತ್ತು ತಿಂಗಳು ಅಟ್ಟದಲ್ಲಿದ್ದು ಉಂಡೆ ಕೊಬ್ಬರಿಯಾಗುತ್ತದೆ. ಅದನ್ನು ಮಾರಿ ಬಂದ ಹಣದಲ್ಲೇ ಮಕ್ಕಳ ಓದು ಸಾಗಬೇಕು. ಆ ಹಣ ತಿಂಗಳು ತಿಂಗಳೂ ಸದ್ದಿಲ್ಲದೆ ಸೋರಿದರೆ?

'ಏಳು ದಿನ ಉಚಿತ' ಎಂದು ಮಗ ಪಾಠದ ಆ್ಯಪ್ ಸೇರುತ್ತಾನೆ. ಅಪ್ಪನ ಯುಪಿಐ ಪಿನ್ ಒತ್ತುತ್ತಾನೆ. ಪಾಠ ಹಿಡಿಸದೆ ಆ್ಯಪ್ ಅಳಿಸುತ್ತಾನೆ. ಚಂದಾ ಮಾತ್ರ ನಿಲ್ಲುವುದಿಲ್ಲ. ಹಣ ಕಡಿತಕ್ಕೆ ಕೊಟ್ಟ ಒಪ್ಪಿಗೆ ಆ್ಯಪ್‌ನೊಂದಿಗೆ ಅಳಿಯದೆ ಬ್ಯಾಂಕಿನ ವ್ಯವಸ್ಥೆಯಲ್ಲಿ ಉಳಿದಿರುತ್ತದೆ.

ಆದ್ದರಿಂದ ಮೊದಲು ಆ್ಯಪ್‌ನ ಅಥವಾ ಪ್ಲೇ ಸ್ಟೋರಿನ ಚಂದಾ ಪುಟದಲ್ಲಿ ರದ್ದು ಮಾಡಬೇಕು. ಬಳಿಕ ಯುಪಿಐ 'ಆಟೋಪೇ' ವಿಭಾಗದಲ್ಲಿ ಆ ಒಪ್ಪಿಗೆಯನ್ನೂ ಹಿಂಪಡೆಯಬೇಕು. 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು. ಅದನ್ನು ಜಾಹೀರಾತೆಂದು ತಳ್ಳಿಹಾಕಬೇಡಿ.

ರದ್ದತಿ ಮುಂದಿನ ಕಂತನ್ನು ತಡೆಯುತ್ತದೆ. ಹೋದ ಹಣ ತಾನಾಗಿ ಬಾರದು. ದಿನಾಂಕ, ಮೊತ್ತ, ವಹಿವಾಟಿನ ಸಂಖ್ಯೆ ಬರೆದು ಕಂಪನಿಯನ್ನು ಬೇರೆಯಾಗಿ ಕೇಳಬೇಕು. ಉತ್ತರವಿಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಮುಂದಕ್ಕೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ರದ್ದತಿಯ ದಾರಿಯನ್ನು ಬೇಕೆಂದೇ ಮರೆಮಾಡುವುದನ್ನು 2023ರ ನವೆಂಬರ್ 30ರ ಕೇಂದ್ರ ಮಾರ್ಗಸೂಚಿ 'ಚಂದಾ ಬಲೆ' ಎಂದು ನಿಷೇಧಿಸಿದೆ.

ಮಕ್ಕಳೇ, ಬೈಗುಳಕ್ಕೆ ಹೆದರಿ ಮುಚ್ಚಿಟ್ಟಷ್ಟೂ ಕಂತು ಬೆಳೆಯುತ್ತದೆ. ಪಾಲಕರೇ, ಬಂದು ಹೇಳಿದ ಮಗುವನ್ನು ಗದರಿಸಬೇಡಿ. ಇಬ್ಬರೂ ಜೊತೆಗೆ ಕುಳಿತು ಪಾಸ್‌ಬುಕ್ ನೋಡಿ.